ಕೌದಿಗೂ ಒಂದು ನಕ್ಷತ್ರ ಕೊಡಿ

ಸುಣ್ಣದ ಓಣಿ, ಬಳ್ಳಾರಿ
ಅಧಿಕ ಮೇ ತಿಂಗಳ ಒಂಬತ್ತನೇ ತಾರೀಕು, ೨೧೯೮

ಅಂಗಡಿಗಳ ತಂಪುಪೆಟ್ಟಿಗೆಗೆ ವರ್ಗ ಮತ್ತು ನಕ್ಷತ್ರ ಕೊಡುವ ಕರಡು ಬರೆಯುತ್ತಿರುವ ಸಮಿತಿಯ ಸದಸ್ಯರಿಗೆ, ನಿಮಗಿಂತ ಆರೇಳು ತಲೆಮಾರು ಮುಂದಿರುವ ಇಳಾ ಮಾಡುವ ನಮಸ್ಕಾರ.

ಮೇಲಿನ ತಾರೀಕನ್ನು ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಪಂಚಾಂಗದವರು ಚಂದ್ರನ ಲೆಕ್ಕ ಸರಿದೂಗಿಸಲು ಅಧಿಕ ಮಾಸ ಸೇರಿಸುತ್ತಿದ್ದರಲ್ಲ, ನಾವು ಬಿಸಿಲಿನ ಲೆಕ್ಕಕ್ಕೆ ಅಧಿಕ ಮೇ ಇಟ್ಟುಕೊಂಡಿದ್ದೇವೆ. ಮೇ ಮುಗಿದರೂ ಬಿಸಿಲು ಮುಗಿಯದೆ ಇದ್ದಾಗ, ಅದನ್ನು ಜೂನ್ ಎಂದು ಕರೆಯಲು ಯಾರಿಗೂ ಬಾಯಿ ಬರಲಿಲ್ಲವಂತೆ. ಹೀಗಾಗಿ ಜೂನ್ ಎಂಬ ಹೆಸರನ್ನೇ ಬಿಟ್ಟುಬಿಟ್ಟರು.

ಭಾಷೆಗೂ ಕ್ಷಮೆ ಕೇಳಿಬಿಡುತ್ತೇನೆ. ನಾನು ಓದಿದ್ದು ಹಾಸನದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಹೌದು, ನಮ್ಮ ಕಾಲದಲ್ಲೂ ಅವು ಇವೆ. ಹೊಳೆಗಳು ಬತ್ತಿದವು, ಇಂಗ್ಲಿಷ್ ಮೀಡಿಯಂ ಬತ್ತಲಿಲ್ಲ. ಹಾಗಾಗಿ ನನ್ನ ಕನ್ನಡ ಅಲ್ಲಲ್ಲಿ ಮುಗ್ಗರಿಸುತ್ತದೆ. ಅದರ ಜೊತೆಗೆ ನಿಮಗೆ ಗೊತ್ತಿಲ್ಲದ ನಮ್ಮ ಕಾಲದ ಮಾತುಗಳೂ ಬರುತ್ತವೆ, ಅವನ್ನು ಹಾದಿಯಲ್ಲೇ ಬಿಡಿಸಿ ಹೇಳುತ್ತೇನೆ. ಸಿಟ್ಟನ್ನು ಮಾತ್ರ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ ಅಂದುಕೊಂಡಿದ್ದೇನೆ.

ಸಿಟ್ಟು ಯಾಕೆ? ನನಗೆ ಮದುವೆಯಾಗಿ ಎರಡು ತಿಂಗಳಾಯಿತು. ನನ್ನ ಗಂಡ ವಿರೂಪಾಕ್ಷ ಇಡೀ ಬಳ್ಳಾರಿಯಲ್ಲೇ ಅತಿ ಚೆಂದದ ಗಂಡಸು. ಇದು ನನ್ನ ಅಭಿಪ್ರಾಯವಲ್ಲ, ಯಾರು ಬೇಕಾದರೂ ಬಂದು ನೋಡಿಕೊಂಡು ಹೋಗಬಹುದು. ಅವನು ನಕ್ಕಾಗ ಎರಡೂ ಕಿವಿಗಳು ಸ್ವಲ್ಪ ಹಿಂದಕ್ಕೆ ಸರಿಯುತ್ತವೆ, ಕರುವಿನ ಕಿವಿಯ ಹಾಗೆ. ಒಬ್ಬನೇ ಇರುವಾಗ ಮೊಸರಿನ ಕುಡಿಕೆಗಳ ಜೊತೆ ಮಾತಾಡುತ್ತಾನೆ. ಇಂಥವನನ್ನು ಕಟ್ಟಿಕೊಂಡು ನಾನು ಮಲಗುತ್ತಿರುವುದು ಎಲ್ಲಿ? ಹೆಂಗಸರ ಚಾವಡಿಯಲ್ಲಿ, ನನ್ನ ಅತ್ತೆ ಹಂಪಮ್ಮನವರ ಪಕ್ಕದಲ್ಲಿ, ಅವರ ಗೊರಕೆ ಕೇಳಿಕೊಂಡು. ಅವನು ಗಂಡಸರ ಚಾವಡಿಯಲ್ಲಿ, ಓಣಿಯ ಆ ತುದಿಗೆ. ಇದಕ್ಕೆ ಜಾತಕ ಕಾರಣವಲ್ಲ, ಜಗಳ ಕಾರಣವಲ್ಲ. ನೀವು ಕಾರಣ. ಈಗ ನಿಮ್ಮ ಮೇಜಿನ ಮೇಲಿರುವ ಕರಡಿನ ಒಂದೇ ಒಂದು ಸಾಲು ಕಾರಣ.

ನಮ್ಮಲ್ಲಿ ಹಿನ್ನಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಹೊಸದಾಗಿ ಮದುವೆಯಾದ ಜೋಡಿಗೆ ಮೊದಲ ಬೇಸಿಗೆಯೊಳಗೆ ಒಂದು ಕಾಗದ ಹಾಕುವ ಹಕ್ಕು ಇರುತ್ತದೆ, ಒಂದೇ ಒಂದು. ಅದು ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ಫೋನು ಹೇಗೆ ಮಾತಾಡುತ್ತದೆ ಎಂದು ತಿಳಿಯದೆಯೇ ನೀವೂ ದಿನವಿಡೀ ಅದರಲ್ಲಿ ಮಾತಾಡುತ್ತೀರಂತೆ. ಎಲ್ಲರೂ ಆ ಕಾಗದವನ್ನು ತಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಬರೆಯುತ್ತಾರೆ, ಆಶೀರ್ವಾದ ಕೇಳುತ್ತಾರೆ, ಮರೆತುಹೋದ ಹೋಳಿಗೆಯ ಹದ ಕೇಳುತ್ತಾರೆ. ನನಗೂ ಆಸೆ ಇತ್ತು. ನಾನು ನೋಡಿದರೆ ಅದನ್ನು ತಂಪುಪೆಟ್ಟಿಗೆ ಸಮಿತಿಗೆ ಬರೆಯುತ್ತ ಕೂತಿದ್ದೇನೆ. ಇದಕ್ಕಿಂತ ಹೆಚ್ಚು ಸಿಟ್ಟು ಬರಲು ಇನ್ನೇನು ಬೇಕು ಹೇಳಿ!

ನಾವು ಬದುಕುವ ಬಗೆ ತಿಳಿಯದೆ ನಿಮಗೆ ನನ್ನ ಗೋಳು ಅರ್ಥವಾಗುವುದಿಲ್ಲ. ನಮ್ಮ ಓಣಿಯ ಗೋಡೆಗಳಿಗೆಲ್ಲ ವರ್ಷಕ್ಕೆ ಮೂರು ಸಲ ಸುಣ್ಣ ಬಳಿಯುತ್ತೇವೆ, ಬಿಸಿಲನ್ನು ಬಂದ ದಾರಿಯಲ್ಲೇ ವಾಪಸ್ಸು ಕಳಿಸಲು. ಆದರೂ ಸಂಜೆಯ ಹೊತ್ತಿಗೆ ಮನೆಯೊಳಗೆ ಕಾಲಿಟ್ಟರೆ ಹಂಚಿನ ಮೇಲೆ ಕಾಲಿಟ್ಟ ಹಾಗೆ. ಅದಕ್ಕೆ ಪ್ರತಿ ಓಣಿಗೂ ಎರಡು ಚಾವಡಿ ಇವೆ, ಅರ್ಧ ನೆಲದೊಳಗೆ ಇಳಿಸಿ ದಪ್ಪ ಮಣ್ಣಿನ ಗೋಡೆ ಕಟ್ಟಿದ ದೊಡ್ಡ ಮಲಗುವ ಮನೆಗಳು. ಒಂದು ಹೆಂಗಸರದು, ಒಂದು ಗಂಡಸರದು. ತಂಪು ಅಲ್ಲಿ ಎಲ್ಲರಿಗೂ ಸೇರಿ ಒಂದೇ. ಇದಲ್ಲದೆ ಪ್ರತಿಯೊಬ್ಬರಿಗೂ ದಿನಕ್ಕೆ ಇಷ್ಟೆಂದು ತಂಪುಪಾಲು ಇರುತ್ತದೆ, ಅದನ್ನು ಬೊಗಸೆ ಎಂಬ ಅಳತೆಯಲ್ಲಿ ಕೊಡುತ್ತಾರೆ. ಎಲ್ಲರೂ ಮನಸ್ಸಿಗೆ ಬಂದಷ್ಟು ತಂಪು ಮಾಡಿಕೊಂಡರೆ ಒಳಗಿನ ಬಿಸಿಯೆಲ್ಲ ಓಣಿಗೆ ಬಂದು ಬೀಳುತ್ತದೆ, ಹೊರಗಿರುವವರು ಬೇಯುತ್ತಾರೆ. ಅದಕ್ಕೇ ಲೆಕ್ಕ. ಇದರಲ್ಲಿ ನನಗೆ ತಕರಾರಿಲ್ಲ.

ಮದುವೆಯಾದಾಗ ಗಂಡ ಹೆಂಡತಿಯ ಪಾಲು ಒಂದಾಗುತ್ತದೆ. ಅದಕ್ಕೆ ಕೂಡುಪಾಲು ಎನ್ನುತ್ತೇವೆ. ಅದರ ಮೇಲೆ ಸರ್ಕಾರ ಒಂದು ಕೋಣೆಯನ್ನು ತಂಪಾಗಿಡುವಷ್ಟು ಹೆಚ್ಚುವರಿ ಬೊಗಸೆ ಸೇರಿಸಿಕೊಡುತ್ತದೆ, ಹೊಸ ಜೋಡಿಗೆ ಸ್ವಂತ ಕೋಣೆ ಇರಲಿ ಎಂದು. ಎಷ್ಟು ಒಳ್ಳೆಯ ಸರ್ಕಾರ ಅಲ್ಲವೇ! ಧಾರೆಯೆರೆಯುವಾಗ ಮಂಜುಗಡ್ಡೆಯ ಒಂದು ಹಲಗೆ ನಿಲ್ಲಿಸುತ್ತಾರೆ. ಆಚೆ ಬದಿಗೆ ಹುಡುಗ ಅಂಗೈ ಇಡುತ್ತಾನೆ, ಈಚೆ ಬದಿಗೆ ಹುಡುಗಿ. ಇಬ್ಬರ ಬಿಸಿಗೆ ಕರಗಿ ಬಿದ್ದ ನೀರೇ ಧಾರೆಯ ನೀರು. ಮೊದಲು ಕೈ ತೆಗೆದವರು ಜೀವಮಾನವಿಡೀ ಪಾತ್ರೆ ತೊಳೆಯಬೇಕು ಎಂದು ನೆಂಟರು ಕಾಡಿಸುತ್ತಾರೆ. ನನ್ನ ವಿರೂಪಾಕ್ಷ ಮಂತ್ರ ಮುಗಿಯುವ ಮೊದಲೇ "ಯವ್ವಾ, ಬೆರಳು ಹೋದ್ವು!" ಎಂದು ಕೈ ಎಳೆದುಕೊಂಡ. ನಾನು ಗೆದ್ದೆ. ಪಾತ್ರೆ ಅವನೇ ತೊಳೆಯುತ್ತಿದ್ದಾನೆ, ಪಾಪ.

ಆದರೆ ಕೂಡುಪಾಲಿಗೆ ಒಂದು ಷರತ್ತು ಇದೆ. ಮನೆಗೆ ಸೇರಿದಂತೆ ಅಂಗಡಿ ಇದ್ದು, ಅಂಗಡಿಯಲ್ಲಿ ತಂಪುಪೆಟ್ಟಿಗೆ ಇದ್ದರೆ, ಆ ಪೆಟ್ಟಿಗೆಗೆ ಕನಿಷ್ಠ ಮೂರು ನಕ್ಷತ್ರ ಇರಬೇಕು. ಹೌದು, ನಿಮ್ಮವೇ ನಕ್ಷತ್ರಗಳು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ತಂಪು ಕೊಡುವ ಪೆಟ್ಟಿಗೆಗೆ ಹೆಚ್ಚು ನಕ್ಷತ್ರ. ನಿಮ್ಮ ಕಾಲದಲ್ಲಿ ಸಾಲಾವಳಿ ನೋಡುವಾಗ ಹುಡುಗ ಹುಡುಗಿಯ ನಕ್ಷತ್ರ ಕೇಳುತ್ತಿದ್ದರಂತೆ. ನಮ್ಮಲ್ಲಿ ಪೆಟ್ಟಿಗೆಯ ನಕ್ಷತ್ರ ಕೇಳುತ್ತಾರೆ. ನಮ್ಮಪ್ಪ ಕೇಳಿದಾಗ ಹಂಪಮ್ಮನವರು ಎದೆ ತಟ್ಟಿಕೊಂಡು, "ನಕ್ಷತ್ರ ಏನ್ ಕೇಳ್ತೀರಿ ಬೀಗ್ರ, ನಮ್ಮ ಪೆಟಗಿ ಚಂದ್ರ ಇದ್ದಂಗ ಐತಿ" ಎಂದಿದ್ದರು. ಅಪ್ಪ ಅದನ್ನು ನಂಬಿ ತಾಂಬೂಲ ಬದಲಾಯಿಸಿಬಿಟ್ಟರು.

ಪೆಟ್ಟಿಗೆ ನಿಜಕ್ಕೂ ಚಂದ್ರನ ಹಾಗೇ ಇದೆ. ನಮ್ಮದು ಮೊಸರು, ಮಜ್ಜಿಗೆ, ಮಲ್ಲಿಗೆಯ ಅಂಗಡಿ. ಆಳೆತ್ತರದ ಪೆಟ್ಟಿಗೆ, ಒಳಗೆ ಐದು ಅಂತಸ್ತು, ಮುಂಭಾಗ ಪೂರ್ತಿ ತೆರೆದದ್ದು. ಹಳೆಯ ಗಾಜು ಯಾವಾಗಲೋ ಒಡೆದುಹೋಗಿ, ಅದರ ಜಾಗದಲ್ಲಿ ಅತ್ತೆ ಒಂದು ಕೌದಿ ಹೊಲಿದು ಇಳಿಬಿಟ್ಟಿದ್ದಾರೆ. ಕೌದಿ ನಿಮ್ಮ ಕಾಲದಲ್ಲೂ ಇತ್ತು, ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆ. ಇದರ ಪದರಗಳ ನಡುವೆ ಹತ್ತಿ ತುಂಬಿದ್ದಾರೆ. ಗಾಳಿಗೆ ಏಳದಿರಲಿ ಎಂದು ಕೆಳಗಿನ ಅಂಚಿನೊಳಗೆ ನಮ್ಮೂರ ಕಬ್ಬಿಣದ ಅದಿರಿನ ಹರಳುಗಳನ್ನು ಸೇರಿಸಿ ಹೊಲಿದಿದ್ದಾರೆ. ಪ್ರತಿ ಅಂತಸ್ತಿಗೆ ಸರಿಯಾಗಿ ಒಂದೊಂದು ಸೀಳು, ಅದರ ಮೇಲೊಂದು ಮುಚ್ಚು. ಮೊಸರು ಬೇಕೆಂದರೆ ಅತ್ತೆ ಒಂದು ಸೀಳಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಕುಡಿಕೆ ತೆಗೆಯುತ್ತಾರೆ, ಕೈ ಹೊರಗೆ ಬಂದ ಕೂಡಲೇ ಮುಚ್ಚು ತಾನೇ ಬೀಳುತ್ತದೆ. ಒಳಗಿನ ತಂಪಿಗೆ ಹೊರಗೆ ಹಗಲೋ ರಾತ್ರಿಯೋ ಎಂಬುದೇ ಗೊತ್ತಾಗುವುದಿಲ್ಲ. ಅತ್ತೆ ಮಾವ ಇಬ್ಬರ ಪಾಲಿನಲ್ಲೇ ಇಡೀ ಪೆಟ್ಟಿಗೆ ನಡೆಯುತ್ತದೆ. ಹಾಗೆ ನಡೆಯುವ ಪೆಟ್ಟಿಗೆ ಈ ಓಣಿಯಲ್ಲಿ ಬೇರೊಂದಿಲ್ಲ.

ಮದುವೆಯ ಮರುವಾರ ತಂಪಳೆಗಾರರು ಬಂದರು. ಪೆಟ್ಟಿಗೆಗಳನ್ನು ಪರೀಕ್ಷಿಸಿ ವರ್ಗ ಹೇಳುವವರು. ಹೆಸರು ದಸ್ತಗೀರ್ ಸಾಹೇಬರು, ಬಹಳ ಮೆತ್ತಗಿನ ಮನುಷ್ಯ, ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ಬಂದರು. ನಾನು ಕೈಯಲ್ಲಿ ಮೆಹಂದಿ, ಮುಖದಲ್ಲಿ ನಗು ಇಟ್ಟುಕೊಂಡು ಮಜ್ಜಿಗೆ ಕೊಟ್ಟೆ. ಕುಡಿದು, "ಆಹಾ" ಎಂದು, ನಿಯಮದ ಮೊದಲ ಪ್ರಶ್ನೆ ಕೇಳಿದರು.

"ಪೆಟಗಿಗೆ ಕದ ಐತೇನ್ರಿ ಹಂಪಮ್ನೋರೆ?"

ಅತ್ತೆ ಸತ್ಯವಂತೆ. "ಬಾಗ್ಲ ಐತ್ರಿ, ಕದ ಇಲ್ಲ" ಎಂದುಬಿಟ್ಟರು.

ನಿಮಗೆ ಇದು ಅರ್ಥವಾಯಿತೋ ಇಲ್ಲವೋ. ನನಗಂತೂ ಆಗಲಿಲ್ಲ. ಹಾಸನದಲ್ಲಿ ನಮಗೆ ಎರಡೂ ಬಾಗಿಲೇ. ಈ ಮನೆಯ ಮಾತಿನಲ್ಲಿ ಬಾಗಿಲು ಎಂದರೆ ಒಳಗೆ ಹೋಗುವ ತೆರಪು, ಕದ ಎಂದರೆ ಅದನ್ನು ಮುಚ್ಚುವ ಹಲಗೆ. ಕೌದಿ ಹಲಗೆಯಲ್ಲ, ಆದ್ದರಿಂದ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ನಿಯಮವನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಬಾಗಿಲು ಎಂದು ಬರೆಯದೆ ಕದ ಎಂದು ಬರೆದಿದ್ದರು. ದಸ್ತಗೀರ್ ಸಾಹೇಬರ ಮುಖ ಸಣ್ಣದಾಯಿತು.

"ಕದ ಇಲ್ಲಂದ್ರ ತೆರೆದ ಪೆಟಗಿ ಅಂತ ಬರೀಬೇಕಾಗ್ತದ. ತೆರೆದ ವರ್ಗಕ್ಕ ನಕ್ಷತ್ರನ ಇಲ್ಲ ನೋಡ್ರಿ."

"ತೆರೆದದ್ದಾ? ಕೈ ಇಡ್ರಿ ಸಾಹೇಬ್ರ ಇದರ ಮುಂದ. ಒಂದು ಎಳಿ ತಂಪು ಹೊರಗ ಬಂದ್ರ ನನ್ನ ಹೆಸರು ಬದಲ್ ಮಾಡ್ಕೋತೀನಿ!"

ಅವರು ಕೈ ಇಟ್ಟರು. ತಂಪು ಹೊರಗೆ ಬರಲಿಲ್ಲ. "ಬರವಲ್ದು, ಖರೇ ಐತಿ," ಎಂದರು. ಹಾಗೆಂದು "ತೆರೆದದ್ದು" ಎಂದೇ ಬರೆದುಕೊಂಡರು. ನಕ್ಷತ್ರವಿಲ್ಲ, ಕೂಡುಪಾಲಿಲ್ಲ, ಕೋಣೆಯಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ವಿರೂಪಾಕ್ಷ ನೀಲಿ ಬಣ್ಣ ಹೊಡೆದು ಹೊಸ ಮಂಚ ಹಾಕಿಸಿದ್ದ. ಆ ಮಂಚದ ಮೇಲೆ ಈಗ ಖಾಲಿ ಕುಡಿಕೆ ಜೋಡಿಸಿದರು. ನಾನು ಹಾಸಿಗೆ ಸುತ್ತಿಕೊಂಡು ಅತ್ತೆಯ ಹಿಂದೆ ಚಾವಡಿಗೆ ನಡೆದೆ.

ಆದರೆ ನಾನು ಸುಮ್ಮನೆ ಕೂರುವವಳೇ! ತಪ್ಪು ಕನ್ನಡಕ್ಕೆ ತಂದವರದು, ಇಂಗ್ಲಿಷ್ ಮೂಲದಲ್ಲಿ ಬರೀ ಡೋರ್ ಎಂದಿರುತ್ತದೆ, ಡೋರ್ ಎಂದರೆ ಕೌದಿಯೂ ಆಗಬಹುದು ಎಂದು ವಾದ ಮಾಡಿದೆ. ಅತ್ತೆಗೆ ಹಿಗ್ಗೋ ಹಿಗ್ಗು. ತಂಪಳೆಗಾರರ ಕಚೇರಿಗೆ ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಸೊಸಿ ಇಂಗ್ಲಿಷ್ ಮೀಡಿಯಂ, ಈಗ ನೋಡ್ರಿ ಹೆಂಗ ಓದ್ತಾಳ," ಎಂದು ಸಾರಿಕೊಂಡು ಬಂದರು. ಕಚೇರಿಯಲ್ಲಿ ನಿಮ್ಮ ಮೂಲಪಾಠವನ್ನು ಗರ್ಭಗುಡಿಯ ವಿಗ್ರಹದ ಹಾಗೆ ಇಟ್ಟಿದ್ದಾರೆ. ಅದರಿಂದಲೇ ಎಲ್ಲ ನಕ್ಷತ್ರಗಳ ಲೆಕ್ಕ ಹುಟ್ಟಿರುವುದರಿಂದ ಅದರ ಒಂದು ಅಕ್ಷರವನ್ನೂ ಈಗ ಯಾರೂ ಮುಟ್ಟುವಂತಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದೆ. ನೀವು ಬರೆದಿರುವುದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ಬಾಗಿಲು ಎಂದರೆ ಪೆಟ್ಟಿಗೆಯ ತೆರೆದ ಮುಖವನ್ನು ಮುಚ್ಚುವ, ಕೀಲಿನ ಮೇಲೆ ತಿರುಗುವ ಅಥವಾ ಹಳಿಯ ಮೇಲೆ ಜಾರುವ, ಗಟ್ಟಿಯಾದ ಹಲಗೆ.

ಗಟ್ಟಿಯಾದ! ಹಲಗೆ! ಕನ್ನಡಕ್ಕೆ ತಂದವರು ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಂಗ್ಲಿಷ್ ಇನ್ನೂ ಕೆಟ್ಟದಾಗಿತ್ತು. ಹೊರಗೆ ಬಂದಾಗ ಅತ್ತೆ ಕೇಳಿದರು:

"ಏನಂತವ್ವ ಇಂಗ್ಲಿಷು?"

"ಇಂಗ್ಲಿಷಿನಲ್ಲೂ ಕದವೇ ಬೇಕಂತೆ ಅತ್ತೆ."

"ಹಂಗಾದ್ರ ಅಷ್ಟು ಫೀಸು ಯಾಕ ಕಟ್ಟಿದ್ರಬೇ ನಿಮ್ಮಪ್ಪ?"

ಕೊನೆಗೆ ಬಡಗಿ ಮೌನೇಶನನ್ನು ಕರೆಸಿ ಪೆಟ್ಟಿಗೆಗೆ ಗಾಜಿನ ಕದ ಹಾಕಿಸಿದೆವು. ಹಳೆಯ ಪೆಟ್ಟಿಗೆ, ಚೌಕಟ್ಟು ಸೊಟ್ಟ. ಕದ ಮೇಲೆ ಕೂತರೆ ಕೆಳಗೆ ಬೆರಳು ಹೋಗುವಷ್ಟು ಸಂದು. ಕೌದಿಯನ್ನು ಮಡಿಸಿ ಮನೆಯೊಳಗಿಟ್ಟೆವು. ಪೆಟ್ಟಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ಪರೀಕ್ಷೆಗೆ ಒಯ್ದೆವು. ಪರೀಕ್ಷೆಯ ಕೋಣೆ ನೀವು ಹೇಳಿದಂತೆಯೇ ಇಪ್ಪತ್ತೈದು ಡಿಗ್ರಿಯಲ್ಲಿದೆ. ಬಳ್ಳಾರಿಯಲ್ಲಿ ಇಪ್ಪತ್ತೈದು ಡಿಗ್ರಿ! ನಮ್ಮ ಮಕ್ಕಳು ಅದನ್ನು ಪುಸ್ತಕದಲ್ಲಿ ಓದುತ್ತಾರೆ. ಪೆಟ್ಟಿಗೆಯ ಜೊತೆ ಒಳಗೆ ಹೋದ ವಿರೂಪಾಕ್ಷ ಹೊರಗೆ ಬರಲೇ ಒಪ್ಪಲಿಲ್ಲ. "ಇನ್ನೊಂದ್ಸಲ ಅಳೀರಿ ಸಾಹೇಬ್ರ, ನನಗ್ಯಾಕೋ ಅನುಮಾನ," ಎಂದು ಗೋಡೆಗೆ ಕೆನ್ನೆ ಹಚ್ಚಿಕೊಂಡು ನಿಂತಿದ್ದ. ಕದ ಮುಚ್ಚಿ, ಯಾರೂ ಮುಟ್ಟದ ಹಾಗೆ, ಆ ಸ್ವರ್ಗದಲ್ಲಿ ಪೆಟ್ಟಿಗೆಯನ್ನು ಅಳೆದು ಮೂರು ನಕ್ಷತ್ರ ಅಂಟಿಸಿದರು. ಓಣಿಗೆಲ್ಲ ಪೇಡ ಹಂಚಿದೆವು. ಕುಡಿಕೆಗಳು ಮಂಚದಿಂದ ಇಳಿದವು.

ಮರುದಿನ ಬೆಳಗ್ಗೆ ನನಗೆ ಚಳಿಯಾಗಿ ಎಚ್ಚರವಾಯಿತು. ಚಳಿ! ಕಾಲು ಮುದುಡಿಕೊಳ್ಳುವಷ್ಟು. ನೀಲಿ ಗೋಡೆ, ಪಕ್ಕದಲ್ಲಿ ಆ ಎರಡು ಕಿವಿಗಳು. ಇದರ ಬಗ್ಗೆ ನಾನು ಇನ್ನೂ ನಾಲ್ಕು ಪುಟ ಬರೆಯಬಲ್ಲೆ, ಆದರೆ ನೀವು ಕಚೇರಿಯಲ್ಲಿ ಕೂತು ಓದುತ್ತಿರುವವರು, ಬೇಡ.

ಆ ಬೆಳಗ್ಗೆಯೇ ಅಂಗಡಿಯಲ್ಲಿ ರಾಮಾಯಣ ಶುರುವಾಯಿತು. ಗಾಜಿನ ಕದ ಎಂದ ಮೇಲೆ ಒಳಗಿರುವುದು ಕಾಣುತ್ತದೆ, ಕಂಡ ಮೇಲೆ ಎಲ್ಲರಿಗೂ ತಾವೇ ಆರಿಸಿಕೊಳ್ಳುವ ಆಸೆ. ಕದ ಪೂರ್ತಿ ತೆರೆಯುತ್ತಾರೆ, ಹಾಗೇ ಹಿಡಿದು ನಿಂತು ದೊಡ್ಡ ಕುಡಿಕೆಯೋ ಚಿಕ್ಕ ಕುಡಿಕೆಯೋ ಎಂದು ಯೋಚಿಸುತ್ತಾರೆ, ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಾರೆ. ಹೊರಗೆ ನಲವತ್ತಾರು ಡಿಗ್ರಿ. ಒಂದು ಸಲ ಕದ ಎಳೆದರೆ ಒಳಗಿನ ತಂಪೆಲ್ಲ ಅದರ ಹಿಂದೆಯೇ ಹೊರಟುಬರುತ್ತದೆ. "ಕದ ಹಾಕ್ರಿ! ಕದ ಹಾಕ್ರಿ!" ಎಂದು ಕೂಗಿ ಕೂಗಿ ಸಂಜೆಗೆ ಅತ್ತೆಯ ದನಿಯೇ ಬಿದ್ದುಹೋಯಿತು. ಪೆಟ್ಟಿಗೆ ಮಾತ್ರ ಹಸಿದವನ ಹಾಗೆ ಬೊಗಸೆಗಳನ್ನು ನುಂಗುತ್ತಿತ್ತು. ಅತ್ತೆ ಮಾವನ ಪಾಲು ಮಧ್ಯಾಹ್ನಕ್ಕೇ ಮುಗಿದು, ನಮ್ಮ ಕೂಡುಪಾಲಿಗೂ ಬಾಯಿ ಹಾಕಿತು. ಮೂರನೆಯ ದಿನ ಕೋಣೆಗೆಂದು ಕೊಟ್ಟ ತಂಪೂ ಅದರ ಹೊಟ್ಟೆಗೇ ಹೋಯಿತು. ನೀಲಿ ಕೋಣೆಯಲ್ಲಿ ನಾವಿಬ್ಬರೂ ಹಂಚಿನ ಮೇಲಿನ ರೊಟ್ಟಿಗಳಂತೆ ಮಗ್ಗುಲು ಬದಲಿಸಿದೆವು. ಇಷ್ಟಾದರೂ ಮೊಸರು ಹುಳಿಯಾಯಿತು, ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಕಂದಿತು.

ಕದದ ಮೇಲೆ ಕೌದಿಯನ್ನೂ ಹಾಕಿಬಿಡೋಣ ಎಂದ ವಿರೂಪಾಕ್ಷ. ಎಷ್ಟು ಜಾಣ! ದಸ್ತಗೀರ್ ಸಾಹೇಬರನ್ನು ಕೇಳಿದರೆ, ಪರೀಕ್ಷೆಯಾದ ಪೆಟ್ಟಿಗೆಗೆ ಬೇರೆ ಏನೇ ಹೊದಿಸಿದರೂ ಅದು ಮಾರ್ಪಡಿಸಿದ ಪೆಟ್ಟಿಗೆ, ನಕ್ಷತ್ರ ರದ್ದು ಎಂದರು. ಇದೂ ನಿಮ್ಮದೇ ಸಾಲು. ಒಂದು ಸಾಲಿನಲ್ಲಿ ಕೆಡಿಸಿದ್ದು ಸಾಲದೆಂದು ಎರಡನೆಯದನ್ನೂ ಬರೆದಿದ್ದೀರಿ.

ನಾಲ್ಕನೆಯ ದಿನ ಅತ್ತೆ ಕೌದಿಯನ್ನು ತಂದು ನಮ್ಮ ಮಂಚದ ಮೇಲಿಟ್ಟರು. ಬಿದ್ದ ದನಿಯಲ್ಲೇ ಹೇಳಿದರು, "ಕದ ಇರಲಿ. ಕೌದಿ ನೀವು ಹೊದ್ಕೋರಿ." ಆ ಕೋಣೆಯಲ್ಲಿ ಮೈಮೇಲೆ ಕರವಸ್ತ್ರ ಇಟ್ಟುಕೊಳ್ಳಲಾಗುತ್ತಿರಲಿಲ್ಲ, ಇವರು ಹತ್ತಿ ತುಂಬಿದ ಕೌದಿ ಹೊದ್ದುಕೊಳ್ಳಿ ಎನ್ನುತ್ತಿದ್ದಾರೆ.

"ಅತ್ತೆ, ಮೊಸರೆಲ್ಲ ಹುಳಿಯಾಗುತ್ತಿದೆ," ಎಂದೆ.

"ಮೊಸರು ಹುಳಿಯಾದ್ರ ಮಜ್ಜಿಗಿ ಮಾಡ್ತೀನಿ. ಮಜ್ಜಿಗಿ ಹುಳಿಯಾದ್ರ ಸಾರು ಮಾಡ್ತೀನಿ. ಸೊಸಿ ಮಾರಿ ಹುಳಿಯಾದ್ರ ನಾ ಏನ್ ಮಾಡ್ಲಿ?"

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಈ ಹೆಂಗಸು ನನಗಾಗಿ ತನ್ನ ಅಂಗಡಿಯನ್ನೇ ಸಾರು ಮಾಡಿಬಿಡಲು ತಯಾರಾಗಿದ್ದರು. ನಾನು ಹೊರಗೆ ಹೋಗಿ ವಿರೂಪಾಕ್ಷನಿಗೆ ಕದ ಬಿಚ್ಚಲು ಹೇಳಿದೆ.

"ಕದ ಬಿಚ್ಚಿದ್ರ ಕೋಣಿ ಹೋಗ್ತದ," ಎಂದ. ಆಗ ಅವನ ಕಿವಿಗಳು ಅಲುಗಲಿಲ್ಲ.

"ಕೋಣೆ ಈಗ ಎಲ್ಲಿದೆ? ಕೋಣೆಯ ಹೆಸರು ಹೇಳಿ ಕದಕ್ಕೆ ಉಣಿಸುತ್ತಿದ್ದೇವೆ, ಅಷ್ಟೇ."

ಅವನು ಕೀಲಿನ ಮೊಳೆ ಒಂದೊಂದಾಗಿ ಕಿತ್ತ. ಕೌದಿಯನ್ನು ಇಬ್ಬರೂ ಎರಡು ಕಡೆ ಹಿಡಿದು ಮತ್ತೆ ಇಳಿಬಿಟ್ಟೆವು. ನಾನು ಹಾಸಿಗೆ ಸುತ್ತಿಕೊಂಡು ಚಾವಡಿಯ ಕಡೆ ಹೊರಟಾಗ ಎದುರುಮನೆಯ ತಿಪ್ಪಕ್ಕ ಜಗಲಿಯ ಮೇಲಿಂದ ಕೂಗಿ ಕೇಳಿದಳು, "ಏನವ್ವ ಇಳಾ, ನಾಕ ದಿನಕ್ಕ ಗಂಡ ಬ್ಯಾಸರಾದ್ನೇನು?" ಇಡೀ ಓಣಿ ನಕ್ಕಿತು. ನಾನು ನಿಂತು ಅವಳಿಗೆ ಅಂತರರಾಷ್ಟ್ರೀಯ ಮಾನದಂಡಗಳ ಬಗ್ಗೆ ಏನು ಹೇಳಲಿ? "ಗಂಡನಲ್ಲ ತಿಪ್ಪಕ್ಕ, ಕದ," ಎಂದೆ. ಅದನ್ನು ಕೇಳಿ ಇನ್ನೂ ಜೋರಾಗಿ ನಕ್ಕರು.

ನಕ್ಷತ್ರಗಳನ್ನು ಕೀಳಲು ದಸ್ತಗೀರ್ ಸಾಹೇಬರೇ ಬಂದರು. ಉಗುರಿನಿಂದ ಮೆಲ್ಲಗೆ, ಗಾಯದ ಮೇಲಿನ ಪಟ್ಟಿ ತೆಗೆಯುವವರ ಹಾಗೆ ಕಿತ್ತರು. ಕೌದಿ ಹಾಕಿದ ಪೆಟ್ಟಿಗೆ ಅರ್ಧಕ್ಕಿಂತ ಕಡಿಮೆ ತಂಪು ತಿನ್ನುತ್ತಿದೆ ಎಂಬುದು ಅವರ ಅಳತೆಪೆಟ್ಟಿಗೆಯಲ್ಲೇ ಕಾಣುತ್ತಿತ್ತು. "ಹೆಚ್ಚು ತಿನ್ನೋದಕ್ಕ ಮೂರು ನಕ್ಷತ್ರ, ಕಡಿಮಿ ತಿನ್ನೋದಕ್ಕ ಒಂದೂ ಇಲ್ಲ, ಇದ್ಯಾವ ನ್ಯಾಯ ಸಾಹೇಬ್ರೆ?" ಎಂದು ಮಾವನವರು ಕೇಳಿದರು. ಸಾಹೇಬರು ಹೋಗುವಾಗ ನನ್ನ ಕಡೆ ತಿರುಗಿ, "ಈ ಸಾಲು ನಾ ಬರೆದಿಲ್ಲ ತಾಯಿ. ಬರೆದೋರು ಹೋಗಿ ನೂರು ವರ್ಷದ ಮ್ಯಾಲಾತು. ಕೇಳೋದಿದ್ರ ಅವರನ್ನ ಕೇಳ್ರಿ," ಎಂದರು. ಅವರು ಬೇಸರಕ್ಕೆ ಆಡಿದ ಮಾತು ಅದು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. ಮಧ್ಯಾಹ್ನ ಯಾರೂ ಹೊರಗೆ ಕಾಲಿಡಬಾರದ ಹೊತ್ತಿನಲ್ಲಿ, ಸುತ್ತಲೂ ಹೆಂಗಸರು ಮಲಗಿರುವ ಈ ಚಾವಡಿಯಲ್ಲಿ ಕೂತು ನಿಮ್ಮನ್ನು ಕೇಳುತ್ತಿದ್ದೇನೆ.

ನೀವು ಕೆಟ್ಟವರಲ್ಲ, ಅದು ನನಗೆ ಗೊತ್ತು. ನಿಮ್ಮ ನಕ್ಷತ್ರಗಳು ಇಲ್ಲದಿದ್ದರೆ ಹಂಚಿಕೊಳ್ಳಲು ನಮಗೆ ಇಷ್ಟು ಬೊಗಸೆಯೂ ಉಳಿಯುತ್ತಿರಲಿಲ್ಲ ಎಂದು ಶಾಲೆಯಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೇನೆ. ನೀವು ಬಾಗಿಲು ಎಂಬ ಪದ ಬರೆಯುವಾಗ ನಿಮ್ಮ ಕಣ್ಣ ಮುಂದೆ ಒಂದು ಬಾಗಿಲು ಇದ್ದಿರಬೇಕು. ನಿಮ್ಮ ಕೋಣೆಯದೇ ಇರಬಹುದು, ತಣ್ಣಗಿನ ಕೋಣೆಯ ಗಟ್ಟಿ ಬಾಗಿಲು. ಅದನ್ನೇ ನೋಡಿ ಬರೆದಿರಿ. ಹಂಪಮ್ಮನಂಥವರು ಹಳೆ ಸೀರೆ, ಹತ್ತಿ, ಅದಿರಿನ ಹರಳು ಹಿಡಿದುಕೊಂಡು ಕೂತಾರು ಎಂದು ನಿಮಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ನಿಮ್ಮ ಕಾಲದಲ್ಲೂ ಸೂಜಿ ದಾರ ಇತ್ತಲ್ಲ!

ನನ್ನ ಬೇಡಿಕೆ ಸಣ್ಣದು. ಗಟ್ಟಿಯಾದ ಹಲಗೆ ಎಂಬುದನ್ನು ಹೊಡೆದುಹಾಕಿ, ತಂಪು ಹೊರಗೆ ಹೋಗದಂತೆ ತಡೆಯುವ ಯಾವುದೇ ಮುಚ್ಚಿಗೆ ಎಂದು ಬರೆಯಿರಿ. ಅದು ತಿರುಗುತ್ತದೋ, ಜಾರುತ್ತದೋ, ಜೋತುಬೀಳುತ್ತದೋ ಎಂದು ಕೇಳಬೇಡಿ. ಎಷ್ಟು ಉಳಿಸುತ್ತದೆ ಎಂದು ಕೇಳಿ. ಸಾಧ್ಯವಾದರೆ ಪರೀಕ್ಷೆಯ ಪೆಟ್ಟಿಗೆಯನ್ನು ಒಂದು ಮಧ್ಯಾಹ್ನವಾದರೂ ಬಳ್ಳಾರಿಯ ಬಿಸಿಲಿಗೆ ತಂದು, ಅದರ ಮುಂದೆ ನಾಲ್ಕು ಗಿರಾಕಿಗಳನ್ನು ನಿಲ್ಲಿಸಿ ಅಳೆಯಿರಿ. ಆಗ ನಮಗಲ್ಲ, ನಿಮಗೇ ಬೆವರು ಬರುತ್ತದೆ.

ನೀವು ತಿದ್ದಿದರೆ ನಮಗೆ ಅದು ತಿಳಿಯುವುದಿಲ್ಲವಂತೆ. ಒಂದು ಬೆಳಗ್ಗೆ ನೀಲಿ ಕೋಣೆಯಲ್ಲೇ ಕಣ್ಣು ಬಿಡುತ್ತೇನೆ, ಮೊದಲಿನಿಂದಲೂ ಅಲ್ಲೇ ಮಲಗುತ್ತಿದ್ದವಳ ಹಾಗೆ. ಈ ಕಾಗದ ಬರೆದದ್ದೂ ನೆನಪಿರುವುದಿಲ್ಲ, ನಿಮ್ಮ ಮೇಲಿನ ಈ ಸಿಟ್ಟೂ ಇರುವುದಿಲ್ಲ. ಹಾಗಾಗಿ ಥ್ಯಾಂಕ್ಸ್ ಹೇಳುವುದಿದ್ದರೆ ಈಗಲೇ ಹೇಳಬೇಕು. ಥ್ಯಾಂಕ್ಸ್. ಇನ್ನೂ ಮಾಡಿಲ್ಲದ ಕೆಲಸಕ್ಕೆ, ಮುಂಗಡವಾಗಿ.

ಇವತ್ತು ಸಂಜೆ ಮನೆಗೆ ಹೋಗುವಾಗ ಏನಾದರೂ ಕೊಳ್ಳಲು ಒಂದು ದೊಡ್ಡ ಅಂಗಡಿಗೆ ಹೋಗುತ್ತೀರಿ ಅಂದುಕೊಳ್ಳುತ್ತೇನೆ. ಹಾಲು, ಮೊಸರು, ಹಣ್ಣಿನ ರಸ ಜೋಡಿಸಿಟ್ಟ ಉದ್ದನೆಯ ಪೆಟ್ಟಿಗೆಗಳು ಅಲ್ಲಿ ಮುಂದೆ ಏನೂ ಇಲ್ಲದೆ ಹಾಗೇ ತೆರೆದುಕೊಂಡಿರುತ್ತವಂತೆ. ಚಪ್ಪಲಿ ಬಿಟ್ಟು ಅವುಗಳ ಎದುರು ಒಂದು ನಿಮಿಷ ನಿಲ್ಲಿ. ಪಾದದ ಮೇಲೆ ತಣ್ಣಗೆ ಏನೋ ಸುರಿಯುತ್ತದೆ. ಗಾಬರಿಯಾಗಬೇಡಿ. ಅದು ನಮ್ಮ ಕೋಣೆಯ ತಂಪು. ಯಾರನ್ನಾದರೂ ಕರೆದು ಅದಕ್ಕೊಂದು ಬಟ್ಟೆಯನ್ನಾದರೂ ಇಳಿಬಿಡಲು ಹೇಳಿ.

ಇಳಾ ವಿರೂಪಾಕ್ಷ
ಹೆಂಗಸರ ಚಾವಡಿ, ಸುಣ್ಣದ ಓಣಿ